ಓದಲಾಗದ ಚೀಟಿ: ಒಟ್ಟೊ ಲೋವಿಯವರ ಬದುಕು

ಪ್ರತಿ ವರ್ಷ ನಾನು ಇ-ಸಂಚಿಕೆಗೆ ಬರೆಯುವುದು ಅಡುಗೆಯ ಬಗ್ಗೆ, ಇಲ್ಲವೇ ಊರು ಸುತ್ತಿದ ಬಗ್ಗೆ. ಈ ಸಲ ಒಬ್ಬ ವಿಜ್ಞಾನಿಯ ಕಥೆ ಬರೆದಿದ್ದೇನೆ. ಇವಳಿಗೇಕೆ ಈ ಉಸಾಬರಿ ಎಂದು ಯಾರಾದರೂ ಅಂದುಕೊಂಡರೆ ತಪ್ಪಿಲ್ಲ, ನನಗೇ ಹಾಗನ್ನಿಸಿತ್ತು. ಆದರೆ ಕಥೆಗೆ ಕಾರಣ ನಮ್ಮ ಮನೆಯೊಳಗೇ ಇದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆ ಅಡ್ಯಾರ್‌ನ ಗಾಂಧಿನಗರದಲ್ಲಿ. ಅತ್ತೆಯವರಿಗೆ ಈಗ 84 ವರ್ಷ. ತೀರ್ಥಹಳ್ಳಿ ಕಡೆಯಿಂದ ಮದುವೆಯಾಗಿ ಬಂದವರು, ಅರವತ್ತು ವರ್ಷ ಮದರಾಸಿನಲ್ಲಿದ್ದರೂ ಮಲೆನಾಡಿನ ಮಾತು ಬಿಟ್ಟವರಲ್ಲ. ಮೂರು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ಮೊದಮೊದಲು ಹಾಲಿನವನಿಗೆ ಎರಡು ಸಲ ದುಡ್ಡು ಕೊಟ್ಟರು. ಆಮೇಲೆ ಒಲೆಯ ಮೇಲೆ ಇಟ್ಟದ್ದು ಮರೆತರು. ತಮ್ಮ ಮರೆವು ತಮಗೇ ಗೊತ್ತಾದಾಗ ಅವರೇ ಒಂದು ಉಪಾಯ ಮಾಡಿಕೊಂಡರು. ಗೋಡೆಯ ದಿನದ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಯಲ್ಲಿ ರಾತ್ರಿ ಹೊಳೆದದ್ದನ್ನೆಲ್ಲ ಬರೆದು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಆ ಚೀಟಿ ಹಿಡಿದು ಅಡುಗೆಮನೆಗೆ ಬಂದು, ಇದರಲ್ಲಿ ಏನು ಬರೆದಿದೆ ನೋಡು ಎಂದು ನನ್ನನ್ನು ಕೇಳುತ್ತಾರೆ. ಅಕ್ಷರ ಅವರದೇ. ಓದಲು ನನಗೂ ಆಗುವುದಿಲ್ಲ, ಅವರಿಗೂ ಆಗುವುದಿಲ್ಲ.

ಒಂದು ಭಾನುವಾರ ಈ ಚೀಟಿ ಮಗಳ ಕೈಗೆ ಸಿಕ್ಕಿತು. ಅವಳು ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಹೀಗೆಯೇ ರಾತ್ರಿ ಬರೆದದ್ದನ್ನು ಬೆಳಿಗ್ಗೆ ಓದಲಾಗದೆ ಒದ್ದಾಡಿದ ವಿಜ್ಞಾನಿಯೊಬ್ಬರಿದ್ದರು, ಅಜ್ಜಿ ರಾತ್ರಿ ನುಂಗುವ ಮಾತ್ರೆಯ ಮೂಲವೂ ಅವರ ಕೆಲಸವೇ ಎಂದಳು. ನಾನು ಹಿಟ್ಟು ನಾದುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದೆ. ಅಂದಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಗಳು ಅರ್ಥವಾಗದ್ದನ್ನು ಬಿಡಿಸಿ ಹೇಳಿದಳು. ಅವರ ಹೆಸರು ಒಟ್ಟೊ ಲೋವಿ.

ಚಿತ್ರಕಲೆ ಬೇಕೆಂದ ಹುಡುಗ

ಒಟ್ಟೊ ಲೋವಿ ಹುಟ್ಟಿದ್ದು 1873ರ ಜೂನ್ 3ರಂದು, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಯಹೂದಿ ಮನೆತನ, ತಂದೆ ದ್ರಾಕ್ಷಾರಸದ ವ್ಯಾಪಾರಿ. ಶಾಲೆಯಲ್ಲಿ ಭಾಷೆ, ಸಾಹಿತ್ಯದಲ್ಲಿ ಹುಡುಗ ಮುಂದು, ಗಣಿತ ಮತ್ತು ಭೌತಶಾಸ್ತ್ರದಲ್ಲಿ ಹಿಂದು. ಕಲೆಯ ಇತಿಹಾಸ ಓದಬೇಕೆಂಬುದು ಅವನ ಆಸೆ. ಮನೆಯವರು ಒಪ್ಪಲಿಲ್ಲ. ಡಾಕ್ಟರಾದರೆ ಹೊಟ್ಟೆಪಾಡಿಗೆ ಚಿಂತೆಯಿಲ್ಲ ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಮಾತ್ರವಲ್ಲ, ಅಲ್ಲಿಯೂ ಇತ್ತು. 1891ರಲ್ಲಿ ಸ್ಟ್ರಾಸ್‌ಬರ್ಗ್‌ನ ವೈದ್ಯಕೀಯ ಕಾಲೇಜಿಗೆ ಸೇರಿಸಿದರು.

ಅಲ್ಲಿ ಅವರು ವೈದ್ಯಕೀಯದ ಪಾಠ ಬಿಟ್ಟು ತತ್ತ್ವಶಾಸ್ತ್ರ ಮತ್ತು ಕಲೆಯ ಉಪನ್ಯಾಸಗಳಿಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಮೊದಲ ಪರೀಕ್ಷೆಯನ್ನು ಹೇಗೋ ದಾಟಿದರು. ಆಮೇಲೆ ಮನಸ್ಸು ಓದಿನ ಮೇಲೆ ನಿಂತಿತು, 1896ರಲ್ಲಿ ಪದವಿ ಬಂತು. ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಕ್ಷಯ ಮತ್ತು ನ್ಯುಮೋನಿಯಾ ಬಂದವರು ಸಾಲುಸಾಲಾಗಿ ಸಾಯುತ್ತಿದ್ದ ಕಾಲ ಅದು. ಕೊಡಲು ಔಷಧವೇ ಇರಲಿಲ್ಲ. ಹಾಸಿಗೆಯ ಪಕ್ಕ ಸುಮ್ಮನೆ ನಿಂತು ನೋಡುವುದು ಲೋವಿಯವರಿಗೆ ಸಾಧ್ಯವಾಗಲಿಲ್ಲ. ಔಷಧ ಇಲ್ಲದಿದ್ದರೆ ಔಷಧದ ಶಾಸ್ತ್ರವನ್ನೇ ಕಲಿಯೋಣ ಎಂದು ಆಸ್ಪತ್ರೆ ಬಿಟ್ಟು, 1898ರಲ್ಲಿ ಮಾರ್ಬರ್ಗ್‌ನ ಪ್ರಾಧ್ಯಾಪಕ ಹಾನ್ಸ್ ಮೇಯರ್ ಅವರ ಬಳಿ ಸಹಾಯಕರಾದರು.

1902ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದಕ್ಕೆ ಕೆಲವು ತಿಂಗಳು ಹೋದರು. ಅಲ್ಲಿ ಹೆನ್ರಿ ಡೇಲ್ ಎಂಬ ಯುವಕನ ಪರಿಚಯವಾಯಿತು. ಆ ಸ್ನೇಹ ಬದುಕಿನ ಕೊನೆಯವರೆಗೂ ಉಳಿಯಿತು. ಮುಂದೆ ಇಬ್ಬರೂ ಒಂದೇ ಬಹುಮಾನ ಹಂಚಿಕೊಂಡರು.

1908ರಲ್ಲಿ ಲೋವಿಯವರ ಮದುವೆ. ವಧು ಗ್ವಿಡಾ, ರಸಾಯನಶಾಸ್ತ್ರದ ಪ್ರಾಧ್ಯಾಪಕ ಗ್ವಿಡೋ ಗೋಲ್ಡ್‌ಶ್ಮೀಡ್ಟ್ ಅವರ ಮಗಳು. ಮರುವರ್ಷ ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಪೀಠ ಸಿಕ್ಕಿತು. ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಮುಂದಿನ ಇಪ್ಪತ್ತೊಂಬತ್ತು ವರ್ಷ ಗ್ರಾಜ್ ಅವರ ಊರಾಯಿತು. ಪಾಠ ಹೇಳುವುದರಲ್ಲಿ ಅವರಿಗೆ ದೊಡ್ಡ ಹೆಸರು, ಸಂಗೀತವೆಂದರೆ ಪ್ರಾಣ.

ಎರಡು ರಾತ್ರಿಗಳು

ಆ ಕಾಲದ ದೊಡ್ಡ ಪ್ರಶ್ನೆ ಒಂದಿತ್ತು. ನರದ ಉದ್ದಕ್ಕೂ ವಿದ್ಯುತ್ತು ಹರಿಯುತ್ತದೆ ಎಂಬುದು ಗೊತ್ತಿತ್ತು. ಆದರೆ ನರ ಮುಗಿದು ಹೃದಯ ಶುರುವಾಗುವ ಜಾಗದಲ್ಲಿ ಏನಾಗುತ್ತದೆ? ನಿಧಾನ ಹೊಡಿ, ಬೇಗ ಹೊಡಿ ಎಂಬ ಅಪ್ಪಣೆ ಹೃದಯಕ್ಕೆ ಹೇಗೆ ಮುಟ್ಟುತ್ತದೆ? ವಿದ್ಯುತ್ತೇ ನೇರವಾಗಿ ಹಾರುತ್ತದೆ ಎಂದು ಬಹಳ ಜನ ನಂಬಿದ್ದರು. ನರದ ತುದಿಯಿಂದ ಯಾವುದೋ ರಾಸಾಯನಿಕ ಒಸರಿ ಸಂದೇಶ ಮುಟ್ಟಿಸುತ್ತದೆ ಎಂಬ ಊಹೆ ಕೆಲವರಿಗಿತ್ತು. ಲೋವಿಯವರಿಗೂ 1903ರಲ್ಲೇ ಅದು ಹೊಳೆದಿತ್ತು, ಒಬ್ಬ ಸ್ನೇಹಿತರ ಹತ್ತಿರ ಹೇಳಿಯೂ ಇದ್ದರು. ಸಾಬೀತು ಮಾಡುವ ದಾರಿ ಕಾಣದೆ ಮರೆತೇಬಿಟ್ಟರು.

ಹದಿನೇಳು ವರ್ಷ ಕಳೆಯಿತು. 1920ರ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಎಂದು ಅವರೇ ನೆನಪಿಸಿಕೊಂಡಿದ್ದಾರೆ. ನಿದ್ದೆಯಲ್ಲಿ ಏನೋ ಹೊಳೆದು ಎಚ್ಚರವಾಯಿತು. ದೀಪ ಹಚ್ಚಿ, ಸಣ್ಣ ಚೀಟಿಯೊಂದರಲ್ಲಿ ಗೀಚಿಟ್ಟು ಮತ್ತೆ ಮಲಗಿದರು. ಬೆಳಿಗ್ಗೆ ಆರಕ್ಕೆ ಎದ್ದಾಗ ತುಂಬಾ ಮುಖ್ಯವಾದದ್ದು ಬರೆದಿದ್ದೇನೆ ಎಂಬುದಷ್ಟೇ ನೆನಪು. ಚೀಟಿ ನೋಡಿದರೆ ಒಂದಕ್ಷರವೂ ಅರ್ಥವಾಗಲಿಲ್ಲ. ಆ ಇಡೀ ಭಾನುವಾರ ಚೀಟಿಯ ಜೊತೆ ಹೆಣಗಿದರು. ಅವರ ಬದುಕಿನಲ್ಲಿ ಅಷ್ಟು ಹತಾಶೆಯ ದಿನ ಇನ್ನೊಂದಿರಲಿಲ್ಲವಂತೆ.

ಮರುರಾತ್ರಿ ಮೂರು ಗಂಟೆಗೆ ಅದೇ ಯೋಚನೆ ತಿರುಗಿ ಬಂತು. ಈ ಸಲ ಅವರು ಚೀಟಿ ಬರೆಯಲು ಕೂರಲಿಲ್ಲ. ಎದ್ದವರೇ ನೇರ ಪ್ರಯೋಗಾಲಯಕ್ಕೆ ನಡೆದರು.

ಪ್ರಯೋಗ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಎರಡು ಕಪ್ಪೆಗಳ ಹೃದಯ ಹೊರತೆಗೆದು ಉಪ್ಪಿನ ದ್ರಾವಣ ತುಂಬಿಸಿಟ್ಟರು. ಹಾಗಿಟ್ಟರೆ ಕಪ್ಪೆಯ ಹೃದಯ ಬಹಳ ಹೊತ್ತು ಮಿಡಿಯುತ್ತಿರುತ್ತದೆ. ಮೊದಲನೆಯದರಲ್ಲಿ ವೇಗಸ್ ನರವನ್ನು ಉಳಿಸಿಕೊಂಡರು, ಎರಡನೆಯದರಲ್ಲಿ ನರವೇ ಇಲ್ಲ. ವೇಗಸ್ ನರಕ್ಕೆ ವಿದ್ಯುತ್ ಕೊಟ್ಟಾಗ ಮೊದಲ ಹೃದಯ ನಿಧಾನವಾಯಿತು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆಗ ಅದರೊಳಗಿನ ದ್ರಾವಣವನ್ನು ತೆಗೆದು ಎರಡನೇ ಹೃದಯಕ್ಕೆ ಹಾಕಿದರು. ನರವೇ ಇಲ್ಲದ ಆ ಹೃದಯವೂ ನಿಧಾನವಾಯಿತು! ಬಡಿತ ಹೆಚ್ಚಿಸುವ ನರವನ್ನು ಕೆರಳಿಸಿ ತೆಗೆದ ದ್ರಾವಣ ಹಾಕಿದರೆ ಎರಡನೆಯದು ವೇಗವಾಯಿತು.

ನನಗೆ ಅರ್ಥವಾದದ್ದು ನಮ್ಮ ಭಾಷೆಯಲ್ಲಿ ಹೀಗೆ. ಒಂದು ಪಾತ್ರೆಯ ತಿಳಿಸಾರಿಗೆ ಇಂಗಿನ ಒಗ್ಗರಣೆ ಹಾಕಿ, ಅದರಿಂದ ಒಂದು ಸೌಟು ತೆಗೆದು ಒಗ್ಗರಣೆಯಿಲ್ಲದ ಇನ್ನೊಂದು ಪಾತ್ರೆಗೆ ಸುರಿದರೆ ಅಲ್ಲಿಯೂ ಇಂಗಿನ ಘಮ ಬರುತ್ತದೆ. ಘಮ ಬಂತೆಂದರೆ ಸೌಟಿನಲ್ಲಿ ಏನೋ ಬಂದಿದೆ ಎಂದೇ ಅರ್ಥ. ವಿದ್ಯುತ್ತನ್ನು ಸೌಟಿನಲ್ಲಿ ತುಂಬಿ ತರಲಾಗುವುದಿಲ್ಲ. ಆದ್ದರಿಂದ ನರದ ಸಂದೇಶ ಹೊತ್ತು ತಂದದ್ದು ಒಂದು ರಾಸಾಯನಿಕವೇ. ಇಂಥ ಸಂದೇಶವಾಹಕಗಳನ್ನು ಈಗ ನ್ಯೂರೋಟ್ರಾನ್ಸ್‌ಮಿಟರ್ ಎನ್ನುತ್ತಾರೆ. ಲೋವಿ 1921ರಲ್ಲಿ ಇದನ್ನು ಪ್ರಕಟಿಸಿದರು. ವಸ್ತು ಯಾವುದೆಂದು ಗೊತ್ತಿಲ್ಲದ ಕಾರಣ ವೇಗಸ್ ನರದ ವಸ್ತು ಎಂದಷ್ಟೇ ಕರೆದರು.

ಹಗಲಿನಲ್ಲಿ ಕೂತು ಯೋಚಿಸಿದ್ದರೆ ತಾವು ಈ ಪ್ರಯೋಗವನ್ನು ಮಾಡುತ್ತಲೇ ಇರಲಿಲ್ಲ ಎಂದು ಲೋವಿ ಮುಂದೆ ಒಪ್ಪಿಕೊಂಡರು. ನರದ ತುದಿಯಲ್ಲಿ ಒಸರುವ ಅಷ್ಟಿಷ್ಟು ವಸ್ತು ದ್ರಾವಣಕ್ಕೆ ಸೇರಿ ಇನ್ನೊಂದು ಹೃದಯಕ್ಕೆ ಸಾಕಾಗುವಷ್ಟು ಉಳಿಯುವುದು ನಂಬುವಂಥ ಮಾತಾಗಿರಲಿಲ್ಲ. ನಿದ್ದೆಗಣ್ಣಿನಲ್ಲಿ ಆ ಅನುಮಾನ ಬರಲಿಲ್ಲ, ಅದೇ ಪುಣ್ಯ.

ಒರೆಸುವ ಕೈಯನ್ನು ತಡೆದದ್ದು

ಬೇರೆಯವರು ಮಾಡಿ ನೋಡಿದಾಗ ಪ್ರಯೋಗ ಕೆಲವರಿಗೆ ಬಂತು, ಕೆಲವರಿಗೆ ಕೈಕೊಟ್ಟಿತು. ಕಪ್ಪೆಯ ಜಾತಿ, ಋತು, ತಾಪಮಾನ ಎಲ್ಲದರ ಮೇಲೂ ಅದು ನಿಂತಿತ್ತು. ಅನುಮಾನದ ಮಾತು ಬಹಳ ಕೇಳಿಬಂತು. 1926ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಶರೀರಕ್ರಿಯಾ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಎಲ್ಲರ ಕಣ್ಣೆದುರೇ ಮಾಡಿ ತೋರಿಸಬೇಕಾಯಿತು. ಒಂದೇ ಹೃದಯದ ಮೇಲೆ ಹದಿನೆಂಟು ಸಲ ಮಾಡಿದರು, ಹದಿನೆಂಟು ಸಲವೂ ಫಲಿಸಿತು.

ಅದೇ ವರ್ಷ ಲೋವಿ ಮತ್ತು ಅವರ ಜೊತೆಗಾರ ನವ್ರಾಟಿಲ್ ಇನ್ನೊಂದು ವಿಷಯ ಕಂಡುಕೊಂಡರು. ನನ್ನ ಮಟ್ಟಿಗೆ ಕನಸಿಗಿಂತ ಇದೇ ದೊಡ್ಡದು. ವೇಗಸ್ ವಸ್ತುವಿನ ಪ್ರಭಾವ ಬಹಳ ಬೇಗ ಮುಗಿದುಹೋಗುತ್ತದೆ. ಏಕೆ? ಹೃದಯದಲ್ಲೇ ಇರುವ ಒಂದು ಕಿಣ್ವ ಅದನ್ನು ಒಡೆದು ಹಾಕುತ್ತದೆ. ಶಾಲೆಯ ಹಲಗೆಯಲ್ಲಿ ಬರೆದದ್ದನ್ನು ಒರೆಸಿದರೇನೇ ಮುಂದಿನ ಪಾಠ ಬರೆಯಲು ಜಾಗ. ಹಾಗೆ ಸಂದೇಶ ಮುಟ್ಟಿದ ಮೇಲೆ ಅದನ್ನು ಅಳಿಸುವುದೂ ಅಷ್ಟೇ ಅಗತ್ಯ. ಆದರೆ ಪಶ್ಚಿಮ ಆಫ್ರಿಕಾದ ಕಲಬಾರ್ ಅವರೆಯ ಬೀಜದಲ್ಲಿ ಫೈಸೋಸ್ಟಿಗ್ಮಿನ್ ಎಂಬ ವಿಷವಿದೆ. ಹಿಂದೆ ಅಲ್ಲಿ ಆರೋಪ ಹೊತ್ತವರಿಗೆ ಆ ಬೀಜ ತಿನ್ನಿಸಿ, ಬದುಕಿದರೆ ನಿರಪರಾಧಿ ಎನ್ನುತ್ತಿದ್ದರು. ಈ ವಿಷವನ್ನು ಸ್ವಲ್ಪವೇ ಸ್ವಲ್ಪ ಹಾಕಿದರೆ ಕಿಣ್ವದ ಕೈ ಕಟ್ಟಿಹೋಗುತ್ತದೆ, ಸಂದೇಶ ಹೆಚ್ಚು ಹೊತ್ತು ಉಳಿಯುತ್ತದೆ ಎಂದು ಅವರು ತೋರಿಸಿದರು.

ವೇಗಸ್ ವಸ್ತುವೆಂದರೆ ಅಸಿಟೈಲ್‌ಕೋಲಿನ್ ಎಂಬುದು ಕ್ರಮೇಣ ಗಟ್ಟಿಯಾಯಿತು. ಡೇಲ್ ಮತ್ತು ಅವರ ಸಂಗಡಿಗ 1929ರಲ್ಲಿ ಅದನ್ನು ಪ್ರಾಣಿಯ ದೇಹದಿಂದಲೇ ಬೇರ್ಪಡಿಸಿದರು. 1936ರಲ್ಲಿ ಲೋವಿ ಮತ್ತು ಡೇಲ್ ಇಬ್ಬರಿಗೂ ಸೇರಿ ನೊಬೆಲ್ ಬಂತು.

ಅಸಿಟೈಲ್‌ಕೋಲಿನ್ ಮಿದುಳಿನಲ್ಲೂ ಕೆಲಸ ಮಾಡುತ್ತದೆ, ಹೊಸದನ್ನು ಕಲಿತು ನೆನಪಿಡಲು ಅದು ಬೇಕು. ಆಲ್ಜೈಮರ್ ಕಾಯಿಲೆಯಲ್ಲಿ ಅದನ್ನು ತಯಾರಿಸುವ ನರಕೋಶಗಳು ಸಾಯುತ್ತ ಹೋಗುತ್ತವೆ. ನಮ್ಮತ್ತೆ ನುಂಗುವ ಡೊನೆಪೆಜಿಲ್ ಮಾತ್ರೆ ಹೋದ ಕೋಶವನ್ನು ತಂದುಕೊಡುವುದಿಲ್ಲ. ಅದು ಅಳಿಸುವ ಕಿಣ್ವವನ್ನು ತಡೆದು, ಉಳಿದಿರುವ ಅಸಿಟೈಲ್‌ಕೋಲಿನ್ ಸ್ವಲ್ಪ ಹೊತ್ತು ಹೆಚ್ಚು ಬಾಳುವಂತೆ ಮಾಡುತ್ತದೆ. 1926ರಲ್ಲಿ ಕಪ್ಪೆಯ ಹೃದಯದಲ್ಲಿ ಕಂಡ ದಾರಿಯೇ ಇದು. ಡಾಕ್ಟರು ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ ಎಂದಾಗ ಹಾಗಾದರೆ ಕೊಡುವುದೇಕೆ ಎಂದು ನಾನು ಸಿಡುಕಿದ್ದೆ. ಈ ಕಥೆ ಓದಿದ ಮೇಲೆ ಕೊಡುವುದೇಕೆ ಎಂಬುದು ತಿಳಿಯಿತು. ನಾನು ಡಾಕ್ಟರಲ್ಲ, ಯಾರಿಗೆ ಯಾವ ಮಾತ್ರೆ ಎಂಬುದನ್ನು ಅವರೇ ಹೇಳಬೇಕು.

ನೀರು, ಎಣ್ಣೆ, ನಡುವಿನ ಗಡಿ

ಇಷ್ಟು ಓದಿದ ಮೇಲೆ ಮಗಳ ಕೆಲಸವೇನೆಂದು ನೋಡುವ ಆಸೆಯಾಯಿತು. ಅಡ್ಯಾರ್‌ನಲ್ಲಿರುವವರಿಗೆ ಪ್ರಯೋಗಾಲಯಗಳು ಹೊಸತಲ್ಲ. ಒಂದು ಕಡೆ ಐಐಟಿಯ ಕಾಡು, ಅದರ ಮಗ್ಗುಲಿಗೇ ಚರ್ಮ ಸಂಶೋಧನಾಲಯ. ಆದರೂ ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ಗೇಟು ನೋಡಿದ್ದಷ್ಟೇ. ಅವಳು ಕೆಲಸ ಮಾಡುವ ಕಡೆಗೆ ಒಂದು ದಿನ ಕರೆದುಕೊಂಡು ಹೋದಳು.

ಅಂಗೈಯಗಲದ ಗಾಜಿನ ಪಾತ್ರೆ. ಕೆಳಗೆ ಡೈಕ್ಲೋರೋಈಥೇನ್ ಎಂಬ ದ್ರವ, ನೀರಿಗಿಂತ ಭಾರ, ಎಣ್ಣೆಯ ಹಾಗೆ ನೀರಿಗೆ ಬೆರೆಯದು. ಅದರ ಮೇಲೆ ನೀರು. ಎರಡರ ನಡುವೆ ಗೆರೆ ಎಳೆದ ಹಾಗೆ ಗಡಿ. ಎರಡು ದ್ರವಕ್ಕೂ ತಕ್ಕ ಲವಣ ಬೆರೆಸಿ, ನಾಲ್ಕು ಎಲೆಕ್ಟ್ರೋಡ್ ಇಳಿಸಿರುತ್ತಾರೆ. ನೀರಿನಲ್ಲಿ ಚೂರು ಅಸಿಟೈಲ್‌ಕೋಲಿನ್ ಇದೆ. ಅದರ ಕಣ ಧನ ವಿದ್ಯುದಂಶ ಹೊತ್ತಿರುವುದರಿಂದ ನೀರು ಬಿಟ್ಟು ಎಣ್ಣೆಗೆ ತಾನಾಗಿ ಹೋಗಲು ಒಲ್ಲದು. ಗಡಿಯ ಎರಡು ಬದಿಗೆ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದರೆ, ಒಂದು ಹಂತದಲ್ಲಿ ಕಣಗಳು ಗಡಿ ದಾಟಿ ಎಣ್ಣೆಗಿಳಿಯುತ್ತವೆ. ಆಗ ಪರದೆಯ ಮೇಲಿನ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಗುಡ್ಡ ಎಲ್ಲಿ ಎದ್ದಿತು ಎಂಬುದು ದಾಟಲು ಎಷ್ಟು ಒತ್ತಾಸೆ ಬೇಕಾಯಿತೆಂದು ಹೇಳುತ್ತದೆ. ಎಷ್ಟು ಎತ್ತರ ಎಂಬುದು ಎಷ್ಟು ಕಣ ಇತ್ತೆಂದು ಹೇಳುತ್ತದೆ.

ಇಷ್ಟು ತಾಪತ್ರಯ ಯಾಕೆ ಎಂದು ಕೇಳಿದೆ. ಡೋಪಮಿನ್‌ನಂಥ ನ್ಯೂರೋಟ್ರಾನ್ಸ್‌ಮಿಟರ್ ಸಾಮಾನ್ಯ ಎಲೆಕ್ಟ್ರೋಡಿನ ಮೇಲೆ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಹಾಗಾಗಿ ಅಳೆಯಬಹುದು. ಅಸಿಟೈಲ್‌ಕೋಲಿನ್ ಹಾಗೆ ಬಿಟ್ಟುಕೊಡುವುದಿಲ್ಲ. ಗಡಿ ದಾಟಿಸುವ ಉಪಾಯದಲ್ಲಿ ಅದು ಏನನ್ನೂ ಬಿಟ್ಟುಕೊಡಬೇಕಿಲ್ಲ, ತಾನು ತಾನಾಗಿಯೇ ಆಚೆ ಹೋದರೆ ಸಾಕು. ಇನ್ನೊಂದು ಲಾಭವೂ ಇದೆ. ನಮ್ಮ ಜೀವಕೋಶದ ಪೊರೆ ಜಿಡ್ಡಿನದು, ಒಳಗೂ ಹೊರಗೂ ನೀರು. ಔಷಧವೊಂದು ಮಿದುಳಿಗೆ ಹೋಗಬೇಕಾದರೆ ಇಂಥ ಜಿಡ್ಡಿನ ತಡೆ ದಾಟಲೇಬೇಕು. ಕಲಬಾರ್ ಅವರೆಯ ಫೈಸೋಸ್ಟಿಗ್ಮಿನ್ ದಾಟುತ್ತದೆ. ಅದರ ತಂಗಿಯಂತಿರುವ ನಿಯೋಸ್ಟಿಗ್ಮಿನ್ ಯಾವಾಗಲೂ ವಿದ್ಯುದಂಶ ಹೊತ್ತಿರುವುದರಿಂದ ಮಿದುಳಿಗೆ ಹೋಗಲಾರದು. ನೀರು ಮತ್ತು ಎಣ್ಣೆಯ ಗಡಿಯಲ್ಲಿ ಔಷಧದ ನಡತೆ ಅಳೆದರೆ ದೇಹದಲ್ಲಿ ಅದರ ನಡತೆಯ ಸುಳಿವು ಸಿಗುತ್ತದೆ.

ಈ ಗಡಿಯ ಅಧ್ಯಯನಕ್ಕೆ ನಾಂದಿ ಹಾಡಿದವರು ವಾಲ್ಟರ್ ನರ್ನ್‌ಸ್ಟ್ ಮತ್ತು ರೀಸೆನ್‌ಫೆಲ್ಡ್, ನೀರು ಮತ್ತು ಫೀನಾಲ್ ಇಟ್ಟುಕೊಂಡು, 1902ರಲ್ಲಿ. ಲೋವಿ ಲಂಡನ್ನಿಗೆ ಹೋದ ವರ್ಷವೇ ಅದು. ವಿದ್ಯುತ್ತು ನರವನ್ನು ಹೇಗೆ ಕೆರಳಿಸುತ್ತದೆ ಎಂಬ ಕುತೂಹಲ ನರ್ನ್‌ಸ್ಟ್ ಅವರಿಗೂ ಇತ್ತು. 1970ರ ದಶಕದಲ್ಲಿ ಪ್ರಾಗ್‌ನ ಯಿರ್ಜಿ ಕೊರಿಟಾ ಮತ್ತು ಅವರ ಗುಂಪು ನಾಲ್ಕು ಎಲೆಕ್ಟ್ರೋಡಿನ ಈಗಿನ ಕ್ರಮವನ್ನು ರೂಢಿಗೆ ತಂದಿತು.

ಈ ಕಥೆಯಲ್ಲಿ ನಮ್ಮ ಚೆನ್ನೈಯೂ ಒಂದು ಕಡೆ ಬರುತ್ತದೆ. ಲೋವಿಯವರಿಗೆ ನೊಬೆಲ್ ಬಂದ ಮರುವರ್ಷ, 1937ರಲ್ಲಿ, ಮದರಾಸು ವಿಶ್ವವಿದ್ಯಾಲಯದ ದಾಮೋದರನ್ ಮತ್ತು ರಾಮಸ್ವಾಮಿ ಅವರು ನಸುಗುನ್ನಿ ಬೀಜದಿಂದ ಎಲ್-ಡೋಪಾ ಬೇರ್ಪಡಿಸಿದರು. ಮೈಗೆ ತಾಕಿದರೆ ತುರಿಸಿ ತುರಿಸಿ ಸಾಕಾಗುವ ನಮ್ಮ ಬೇಲಿಯ ನಸುಗುನ್ನಿಯೇ! ಎಲ್-ಡೋಪಾ ಮಿದುಳಿನಲ್ಲಿ ಡೋಪಮಿನ್ ಆಗುತ್ತದೆ, ಪಾರ್ಕಿನ್ಸನ್ ಕಾಯಿಲೆಗೆ ಅದೇ ಮದ್ದು ಎಂಬುದು ಗೊತ್ತಾಗಲು ಇನ್ನೂ ಎರಡು ದಶಕ ಬೇಕಾಯಿತು.

ಲೋವಿ ದಾಟಿದ ಗಡಿ

ನೊಬೆಲ್ ಬಂದು ಎರಡು ವರ್ಷ ತುಂಬಿರಲಿಲ್ಲ. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿತು. ಆ ರಾತ್ರಿಯೇ ಬಂದೂಕು ಹಿಡಿದ ಹುಡುಗರು ಲೋವಿಯವರ ಮಲಗುವ ಕೋಣೆಗೆ ನುಗ್ಗಿ ಅವರನ್ನು ಸೆರೆಮನೆಗೆ ಎಳೆದೊಯ್ದರು. ಇಬ್ಬರು ಗಂಡುಮಕ್ಕಳನ್ನೂ ಹಿಡಿದರು. ಆಗ ಅವರಿಗೆ 64 ವರ್ಷ. ಬೆಳಗಾದರೆ ಕೊಲ್ಲುತ್ತಾರೆ ಎಂದೇ ಅಂದುಕೊಂಡಿದ್ದರು.

ಸೆರೆಮನೆಯಲ್ಲಿ ಅವರನ್ನು ಕಾಡಿದ ಚಿಂತೆ ಕೇಳಿದರೆ ಆಶ್ಚರ್ಯವಾಗುತ್ತದೆ. ತಾವು ಕೊನೆಗೆ ಮಾಡಿದ ಪ್ರಯೋಗಗಳ ಫಲ ಇನ್ನೂ ಅಚ್ಚಾಗಿಲ್ಲ, ತಾವು ಸತ್ತರೆ ಅದೂ ಸಾಯುತ್ತದೆ ಎಂಬ ಚಿಂತೆ. ಕಾವಲಿನವನನ್ನು ಬೇಡಿ ಒಂದು ಪೋಸ್ಟ್‌ಕಾರ್ಡ್ ತರಿಸಿಕೊಂಡು, ಫಲಿತಾಂಶವನ್ನು ಅದರಲ್ಲಿ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದರು. ಕಾರ್ಡು ಹೋಯಿತೆಂದ ಮೇಲೆಯೇ ಜೀವ ಹಗುರವಾದದ್ದು. ಹದಿನೆಂಟು ವರ್ಷದ ಹಿಂದೆ ಓದಲಾಗದ ಚೀಟಿ ಬರೆದ ಕೈಯೇ ಇದು. ಈ ಸಲ ಅಕ್ಷರ ಬಿಡಿಸಿ ಬರೆದಿರುತ್ತಾರೆ ಎಂದುಕೊಳ್ಳುತ್ತೇನೆ.

ಸುಮಾರು ಎರಡು ತಿಂಗಳ ಮೇಲೆ ಬಿಟ್ಟರು. ದೇಶ ಬಿಡಲು ಅನುಮತಿ ಬೇಕಾದರೆ ಸ್ಟಾಕ್‌ಹೋಮ್ ಬ್ಯಾಂಕಿನಲ್ಲಿದ್ದ ನೊಬೆಲ್ ಹಣವನ್ನು ನಾಜಿಗಳ ಹಿಡಿತದ ಬ್ಯಾಂಕಿಗೆ ಒಪ್ಪಿಸಬೇಕೆಂದರು. ಒಪ್ಪಿಸಿದರು. ಸೆಪ್ಟೆಂಬರಿನಲ್ಲಿ ಬರಿಗೈಯಲ್ಲಿ ಗಡಿ ದಾಟಿದರು.

ಗ್ವಿಡಾ ಅವರನ್ನು ಮಾತ್ರ ಬಿಡಲಿಲ್ಲ. ಇಟಲಿಯಲ್ಲಿ ಅವರ ಹೆಸರಿನಲ್ಲಿ ಆಸ್ತಿ ಇತ್ತು, ಅದನ್ನೂ ಕಸಿದುಕೊಳ್ಳುವವರೆಗೆ ತಡೆದಿಟ್ಟರು. ಗಂಡ ಒಂದು ದೇಶ, ಮಕ್ಕಳು ಬೇರೆ, ಸುತ್ತ ಯುದ್ಧ. ಪುಸ್ತಕಗಳಲ್ಲಿ ಇದಕ್ಕೆ ಒಂದೋ ಎರಡೋ ಸಾಲು. ಮೂವತ್ತು ವರ್ಷ ನಡೆಸಿದ ಮನೆಯಲ್ಲಿ ಆ ಹೆಂಗಸು ಮೂರು ವರ್ಷ ಹೇಗೆ ದಿನ ತಳ್ಳಿದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕೊನೆಗೆ 1941ರಲ್ಲಿ ಅಮೆರಿಕದಲ್ಲಿ ಗಂಡನನ್ನು ಸೇರಿಕೊಂಡರು.

ಅಷ್ಟರಲ್ಲಿ ಲೋವಿ ಬ್ರಸೆಲ್ಸ್, ಆಕ್ಸ್‌ಫರ್ಡ್ ದಾಟಿ 1940ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ಹಡಗಿನಿಂದ ಇಳಿದಾಗ ನಡೆದದ್ದನ್ನು ಅವರು ನಗುತ್ತ ಹೇಳುತ್ತಿದ್ದರಂತೆ. ವೀಸಾಕ್ಕಾಗಿ ಇಂಗ್ಲೆಂಡಿನಲ್ಲಿ ಡಾಕ್ಟರೊಬ್ಬರು ಪರೀಕ್ಷಿಸಿ ಲಕೋಟೆ ಮುಚ್ಚಿ ಕೊಟ್ಟಿದ್ದರು. ಬಂದರಿನಲ್ಲಿ ಅಧಿಕಾರಿ ಅದನ್ನು ಬಿಚ್ಚಿದಾಗ ಇವರ ಕಣ್ಣಿಗೂ ಬಿತ್ತು. ಮುಪ್ಪಿನಿಂದ ಬುದ್ಧಿ ಮಂಕಾಗಿದೆ, ದುಡಿದು ತಿನ್ನಲಾರರು ಎಂದಿತ್ತು! ಅಧಿಕಾರಿ ಪುಣ್ಯಾತ್ಮ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಳಗೆ ಬಿಟ್ಟರು. ಆ ಮೇಲೆ ಇಪ್ಪತ್ತೊಂದು ವರ್ಷ ಲೋವಿ ಬದುಕಿದರು, ಪಾಠ ಹೇಳಿದರು. ಬೇಸಿಗೆಯಲ್ಲಿ ವುಡ್ಸ್ ಹೋಲ್ ಎಂಬ ಕಡಲತೀರದ ಸಂಶೋಧನಾ ಕೇಂದ್ರದಲ್ಲಿ ಯುವಕರ ಜೊತೆ ಗಂಟೆಗಟ್ಟಲೆ ಮಾತಾಡುತ್ತ ಕೂರುತ್ತಿದ್ದರು. 1946ರಲ್ಲಿ ಅಮೆರಿಕದ ಪೌರರಾದರು. 1958ರಲ್ಲಿ ಗ್ವಿಡಾ ತೀರಿಕೊಂಡರು. 1961ರ ಡಿಸೆಂಬರ್ 25ರಂದು, ತಮ್ಮ 88ನೇ ವಯಸ್ಸಿನಲ್ಲಿ, ಲೋವಿಯವರೂ ಹೋದರು.

ಮತ್ತೆ ಅಡ್ಯಾರ್‌ಗೆ

ಅಸಿಟೈಲ್‌ಕೋಲಿನ್‌ಗೆ ಸಂಬಂಧಿಸಿದ ಮರೆವಿನ ಹಣೆಪಟ್ಟಿ ಅದರ ಕೆಲಸವನ್ನು ಕಂಡುಹಿಡಿದವರಿಗೇ ಯಾರೋ ತಪ್ಪಾಗಿ ಹಚ್ಚಿದ್ದು ಓದಿ ನನಗೆ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ಅತ್ತೆಯವರಿಗೂ ನಾನು ಅಂಥದೇ ಒಂದು ಚೀಟಿ ಅಂಟಿಸಿಬಿಟ್ಟಿದ್ದೆ. ಅವರು ಹೇಳುವುದೆಲ್ಲ ಮರೆವಿನ ಬಡಬಡಿಕೆ ಎಂದು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದೆ. ಬೆಳಿಗ್ಗೆ ತಂದು ತೋರಿಸಿದ ಎಷ್ಟು ಹಾಳೆಗಳನ್ನು ಅವರು ಆಚೆ ಹೋದೊಡನೆ ಕಸದ ಬುಟ್ಟಿಗೆ ಹಾಕಿದ್ದೇನೋ.

ಲೋವಿಯವರ ಎರಡನೇ ರಾತ್ರಿ ನೆನಪಿಟ್ಟುಕೊಂಡು ಒಂದು ಬದಲಾವಣೆ ಮಾಡಿದೆ. ಈಗ ಬೆಳಗಾಗುವವರೆಗೆ ಕಾಯುವುದಿಲ್ಲ. ರಾತ್ರಿ ಊಟ, ಮಾತ್ರೆ ಆದ ಮೇಲೆ ಅರ್ಧ ಗಂಟೆ ಅವರ ಮಂಚದ ಮೇಲೆ ಕೂರುತ್ತೇನೆ. ಅವರು ಕ್ಯಾಲೆಂಡರ್ ಹಾಳೆಯ ಮೇಲೆ ಬರೆಯುತ್ತಿರುವಾಗಲೇ ಏನು ಬರೆಯುತ್ತಿದ್ದೀರಿ ಅತ್ತೆ ಎಂದು ಕೇಳುತ್ತೇನೆ. ಆಗ ಹೇಳಲು ಅವರಿಗೆ ಬರುತ್ತದೆ.

ಮೊದಲ ವಾರ ಬಂದದ್ದೆಲ್ಲ ಹಾಲಿನ ಲೆಕ್ಕ, ಯಾವಾಗಲೋ ತೀರಿದ ಸಾಲ. ಆಮೇಲೆ ಒಂದು ರಾತ್ರಿ, ಹಾಳೆಯಲ್ಲಿದ್ದದ್ದು ಹಸೆಗೆ ಕರೆಯುವ ಹಾಡು ಎಂದು ತಿಳಿಯಿತು. ಅವರ ತಾಯಿ ಮದುವೆಮನೆಗಳಲ್ಲಿ ಹೇಳುತ್ತಿದ್ದದ್ದಂತೆ. ಇಷ್ಟು ವರ್ಷ ಜೊತೆಗಿದ್ದೂ ಅವರಿಗೆ ಹಸೆಹಾಡು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೇ ಇಲ್ಲ. ನಡುವೆ ಒಂದು ಸಾಲು ಮರೆತು ನಿಂತರು, ಹಿಂದಿನ ಸಾಲಿಗೆ ಹೋಗಿ ರಾಗ ಹಿಡಿದು ಮತ್ತೆ ಬಂದರು, ಈ ಸಲ ದಾಟಿತು. ಮಗಳು ಬಾಗಿಲ ಬಳಿ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡಿದಳು.

ಇಂದಿಗೆ ಹನ್ನೊಂದು ಹಾಡಾಗಿದೆ. ನಾಲ್ಕು ಪೂರ್ತಿ, ಉಳಿದವು ಅರ್ಧಂಬರ್ಧ. ಕಾಯಿಲೆ ಏರುತ್ತಲೇ ಇದೆ ಎಂದು ನನಗೆ ಗೊತ್ತು. ಎಷ್ಟು ರಾತ್ರಿ ಸಿಗುತ್ತದೋ ಗೊತ್ತಿಲ್ಲ. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಹೀಗೆ ಹಿರಿಯರಿದ್ದಾರೆ. ಊರು ಬಿಟ್ಟು ಬಂದ ನಮಗೆ ಆ ಹಾಡು, ಆ ಅಡುಗೆ, ಆ ಮಾತು ಅವರ ಹತ್ತಿರ ಮಾತ್ರ ಉಳಿದಿದೆ. ಇವತ್ತು ರಾತ್ರಿಯೇ ಪಕ್ಕದಲ್ಲಿ ಕುಳಿತು ಕೇಳಿ. ಅರ್ಧಂಬರ್ಧ ಉಳಿದ ಹಾಡುಗಳಲ್ಲಿ ಯಾವುದಾದರೂ ನಿಮ್ಮ ಮನೆಯವರಿಗೆ ಬರುತ್ತಿದ್ದರೆ, ನವರಾತ್ರಿಗೆ ಕುಂಕುಮಕ್ಕೆ ಬಂದಾಗ ಹೇಳಿಕೊಡಿ. ನಮ್ಮತ್ತೆಯ ಎದುರಿಗೇ ಹಾಡಿದರೆ ಇನ್ನೂ ಒಳ್ಳೆಯದು.